ಬೋಟ್ ಒಳಗೆ ಹೋಗಬೇಕಾದರೆ ಗ್ಯಾರೇಜ್ ಬಾಗಿಲು ಎಷ್ಟು ಎತ್ತರ ಇರಬೇಕು?

ಟ್ರೇಲರ್ ಮೇಲೆ ಕೂತ ಬೋಟಿನ ಎತ್ತರ 9 ಅಡಿ 2 ಇಂಚು. ಡ್ರಾಯಿಂಗಿನಲ್ಲಿ ಬಾಗಿಲು 10 ಅಡಿ. ಇನ್ನೂ 10 ಇಂಚು ಜಾಗ ಉಳಿಯುತ್ತದೆ, ಸಾಕಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಹೆಣ್ಣೂರಿನ ಆಚೆ ನಾನು ಟ್ರೈನಿಂಗಿಗೆ ಹೋಗುತ್ತಿದ್ದ ಸೈಟಿನಲ್ಲಿ ಮನೆಯವರು ಮಳೆಗಾಲ ಶುರುವಾಗುವ ಮುಂಚೆ ಮಲ್ಪೆಯಿಂದ ಬೋಟ್ ತಂದರು. ಹಿಂದಕ್ಕೆ ಹಾಕಿ ಒಳಗೆ ಬಿಡುವಾಗ ಬೋಟಿನ ಮೇಲಿದ್ದ ದೀಪ ಶಟರಿನ ಕೆಳಪಟ್ಟಿಗೆ ತಾಗಿ ಒಡೆಯಿತು. ಆ 10 ಇಂಚು ಎಲ್ಲಿ ಹೋಯಿತು ಅಂತ ಮೂರು ದಿನ ಕೂತು ಲೆಕ್ಕ ಹಾಕಿದೆ. ನಮ್ಮ ಡಿಪ್ಲೊಮಾ ಪಾಠದಲ್ಲಿ ಕಾರ್ ಗ್ಯಾರೇಜ್ ಬರುತ್ತದೆ, ಬೋಟ್ ಬರುವುದಿಲ್ಲ. ಅದಕ್ಕೇ ಈ ಟಿಪ್ಪಣಿ ಬರೆಯುತ್ತಿದ್ದೇನೆ.

ಮೊದಲು ಆ 10 ಇಂಚಿನ ಕಥೆ

ಡ್ರಾಯಿಂಗಿನ 10 ಅಡಿ ಅಂದರೆ ಒರಟು ಕಾಂಕ್ರೀಟ್ ನೆಲದಿಂದ ಶಟರ್ ಪೆಟ್ಟಿಗೆಯ ತಳದವರೆಗೆ. ಆಮೇಲೆ ನೆಲಕ್ಕೆ ಗಾರೆ ಬಿತ್ತು, ಅದರ ಮೇಲೆ ಟೈಲ್ಸ್ ಬಂತು. 3 ಇಂಚು ಹೋಯಿತು. ರೋಲಿಂಗ್ ಶಟರ್ ಪೂರ್ತಿ ಸುತ್ತಿಕೊಂಡರೂ ಬೀಗ ಹಾಕುವ ಕೆಳಪಟ್ಟಿ ಪೆಟ್ಟಿಗೆಯೊಳಗೆ ಹೋಗುವುದಿಲ್ಲ, ಹೊರಗೆ ತೂಗುತ್ತದೆ. ಅದಕ್ಕೆ 4 ಇಂಚು. ಉಳಿದದ್ದು 9 ಅಡಿ 5 ಇಂಚು, ಅಂದರೆ 113 ಇಂಚು. ಬೋಟ್ 110 ಇಂಚು. ಇಷ್ಟಾದರೂ 3 ಇಂಚು ಇತ್ತು. ಹಾಗಾದರೆ ತಾಗಿದ್ದು ಹೇಗೆ?

ಅವತ್ತು ಮೇಸ್ತ್ರಿ ನನ್ನನ್ನು ಟ್ರೇಲರಿನ ಪಕ್ಕ ಕರೆದು ಕೂರಿಸಿ ತೋರಿಸಿದರು. "ಚಕ್ರ ಮೇಲೆ ಬಂತಮ್ಮಾ, ಕೊಂಡಿ ಇನ್ನೂ ರೋಡಲ್ಲೇ ಐತೆ, ನೋಡು." ನೋಡಿದೆ. ಕಾರಿಗೆ ಕೊಂಡಿ ಸಿಕ್ಕಿಸುವ ಟ್ರೇಲರಿನ ಮೂತಿ ಕೆಳಗೆ, ಬಾಲ ಮೇಲೆ. ಏತದ ಮರ ಇದ್ದ ಹಾಗೆ. ನಡುವೆ ಚಕ್ರ ಇದೆ. ಒಂದು ಕಡೆ ಇಳಿದರೆ ಇನ್ನೊಂದು ಕಡೆ ಏಳಲೇಬೇಕು.

ಈ ಒಂದು ಮಾತು ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸುಲಭ. ನಾವು ಅಳೆಯಬೇಕಾದದ್ದು ಚಪ್ಪಟೆ ನೆಲದಲ್ಲಿ ನಿಂತ ಬೋಟನ್ನಲ್ಲ, ಬಾಗಿಲು ದಾಟುತ್ತಿರುವ ಬೋಟನ್ನು.

ಓರೆಯಿಂದ ಏರುವ ಎತ್ತರ

ಬೆಂಗಳೂರಿನಲ್ಲಿ ರಸ್ತೆಗಿಂತ ಮನೆಯ ನೆಲ ಎತ್ತರ ಇರುವುದು ಮಾಮೂಲು. ರಸ್ತೆಗೆ ಮತ್ತೆ ಮತ್ತೆ ಡಾಂಬರು ಹಾಕಿ ಅದರ ಮಟ್ಟ ಏರುತ್ತಲೇ ಇರುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಸರ್ಜಾಪುರ ರಸ್ತೆ ಕಡೆಯ ಬಡಾವಣೆಗಳಿಂದ ಜನರನ್ನು ಬೋಟು, ಟ್ರ್ಯಾಕ್ಟರಿನಲ್ಲಿ ಹೊರಗೆ ತಂದದ್ದು ನೆನಪಿದೆ ಅಲ್ವಾ? ಅದನ್ನು ನೋಡಿದವರು ನೆಲ ಇನ್ನೂ ಒಂದು ಅಡಿ ಎತ್ತರಿಸಿ ಅನ್ನುತ್ತಾರೆ. ಹಾಗೆ ಕೇಳುವುದು ನ್ಯಾಯವೇ. ಆದರೆ ಅದರ ಜೊತೆ ರ‍್ಯಾಂಪೂ ಬರುತ್ತದೆ ಅನ್ನುವುದನ್ನು ಮರೆಯಬಾರದು.

ನಮ್ಮ ಸೈಟಿನ ಅಳತೆ ಹೀಗಿತ್ತು. ರಸ್ತೆಗಿಂತ ನೆಲ 12 ಇಂಚು ಮೇಲೆ. ರ‍್ಯಾಂಪ್ ಉದ್ದ 8 ಅಡಿ. ಟ್ರೇಲರಿನ ಕೊಂಡಿಯಿಂದ ಚಕ್ರದ ಆಕ್ಸಲ್ಲಿಗೆ 15 ಅಡಿ. ಬೋಟಿನ ಅತಿ ಎತ್ತರದ ಭಾಗ ಅಂದರೆ ಹಿಂದಿನ ಕಮಾನು ಮತ್ತು ಅದರ ಮೇಲಿನ ದೀಪ. ಅದು ಆಕ್ಸಲ್ಲಿಗಿಂತ 5 ಅಡಿ ಹಿಂದೆ ಇತ್ತು. ಬೋಟನ್ನು ಹಿಂದಕ್ಕೆ ಹಾಕಿ ತಾನೇ ಬಿಡುವುದು, ಹಾಗಾಗಿ ಮೊದಲು ಬಾಗಿಲಿಗೆ ಬರುವುದೇ ಈ ಕಮಾನು.

ಚಕ್ರ ರ‍್ಯಾಂಪಿನ ತುದಿ ಮುಟ್ಟಿದಾಗ ಕೊಂಡಿ ಇನ್ನೂ ರಸ್ತೆ ಮೇಲಿದೆ, ಅಂದರೆ 12 ಇಂಚು ಕೆಳಗೆ. 15 ಅಡಿಗೆ 12 ಇಂಚು ಇಳಿದಿದ್ದರೆ ಆಚೆ ಕಡೆ 5 ಅಡಿಗೆ ಎಷ್ಟು ಏರುತ್ತದೆ? 12 × 5 ÷ 15 = 4 ಇಂಚು. ತ್ರೈರಾಶಿ ಅಷ್ಟೇ, ತ್ರಿಕೋನಮಿತಿ ಬೇಕಿಲ್ಲ.

110ಕ್ಕೆ 4 ಸೇರಿಸಿದರೆ 114. ಇದ್ದ ಜಾಗ 113. ಒಂದೇ ಒಂದು ಇಂಚಿಗೆ ದೀಪ ಹೋಯಿತು.

ಇಲ್ಲಿ ಇನ್ನೊಂದು ವಿಷಯ ಇದೆ. ನನಗೆ ತುಂಬಾ ಇಷ್ಟವಾದ ಭಾಗ ಇದು. ಮಳೆ ನೀರು ಹೊಡೆಯಬಾರದು ಅಂತ ನಮ್ಮ ಸೈಟಿನಲ್ಲಿ ಬಾಗಿಲನ್ನು ರ‍್ಯಾಂಪಿನ ತುದಿಯಿಂದ 5 ಅಡಿ ಒಳಗೆ ಇಟ್ಟಿದ್ದರು. ಮುಂದೆ ಪೋರ್ಟಿಕೋ. ಹಾಗಾಗಿ ಚಕ್ರ ತುದಿಗೆ ಬಂದ ಗಳಿಗೆಗೆ ಸರಿಯಾಗಿ ಕಮಾನು ಬಾಗಿಲಿನ ಕೆಳಗೆ ಬಂತು. ಬಾಗಿಲು ರ‍್ಯಾಂಪಿನ ತುದಿಯಲ್ಲೇ ಇದ್ದಿದ್ದರೆ? ಕಮಾನು ಬಾಗಿಲಿಗೆ ಬರುವಾಗ ಚಕ್ರ ಇನ್ನೂ 5 ಅಡಿ ಹಿಂದೆ, ರ‍್ಯಾಂಪ್ ಮೇಲೆ. ರ‍್ಯಾಂಪ್ ಅಡಿಗೆ ಒಂದೂವರೆ ಇಂಚು ಇಳಿಯುತ್ತದೆ, ಹಾಗಾಗಿ ಚಕ್ರ ಏಳೂವರೆ ಇಂಚು ಕೆಳಗಿದೆ. ಚಕ್ರಕ್ಕೂ ಕೊಂಡಿಗೂ ಇರುವ ವ್ಯತ್ಯಾಸ ನಾಲ್ಕೂವರೆ ಇಂಚು ಮಾತ್ರ, ಅದರಿಂದ ಕಮಾನು ಏರುವುದು ಒಂದೂವರೆ ಇಂಚು. ಏಳೂವರೆ ಇಳಿದು ಒಂದೂವರೆ ಏರಿದರೆ ಒಟ್ಟು 6 ಇಂಚು ಕೆಳಗೇ ಇರುತ್ತದೆ. ಅದೇ ಬೋಟು, ಅದೇ ರ‍್ಯಾಂಪು. ಬಾಗಿಲು 5 ಅಡಿ ಸರಿದದ್ದಕ್ಕೆ 10 ಇಂಚಿನ ವ್ಯತ್ಯಾಸ! ಒಂದು ಹಾಳೆಯಲ್ಲಿ ಸ್ಕೇಲಿಗೆ ಬರೆದು, ಟ್ರೇಲರನ್ನು ರಟ್ಟಿನಲ್ಲಿ ಕತ್ತರಿಸಿ ತಳ್ಳಿ ನೋಡಿ. ನಾನು ಮಾಡಿದೆ. ಕಣ್ಣಿಗೆ ಕಂಡ ಮೇಲೆ ಮರೆಯುವುದಿಲ್ಲ.

ಹಾಗಂತ ಬಾಗಿಲು ದಾಟಿದ ಮೇಲೆ ನಿರಾಳ ಆಗುವಂತಿಲ್ಲ. ಚಕ್ರ ನೆಲಕ್ಕೆ ಬಂದ ಮೇಲೂ ಕೊಂಡಿ ರ‍್ಯಾಂಪಿನ ಬುಡ ತಲುಪುವವರೆಗೆ, ಅಂದರೆ ಇನ್ನೂ 7 ಅಡಿ ದೂರ, ಆ 4 ಇಂಚಿನ ಏರು ಹಾಗೇ ಇರುತ್ತದೆ. ಆ 7 ಅಡಿಯಲ್ಲಿ ಅಡ್ಡ ಬೀಮು, ಟ್ಯೂಬ್‌ಲೈಟು, ಫ್ಯಾನು ಏನೂ ತೂಗುತ್ತಿರಬಾರದು.

ಎತ್ತರದ ಭಾಗ ಆಕ್ಸಲ್ಲಿಗಿಂತ ಮುಂದೆ ಇರುವ ಬೋಟುಗಳೂ ಇವೆ. ನಡುವೆ ನೆರಳಿನ ಚಾವಣಿ ಇರುವವು ಎಷ್ಟೋ ಸಲ ಹಾಗೇ. ಅವುಗಳಲ್ಲಿ ಲೆಕ್ಕ ತಿರುಗಿ ಎತ್ತರ ಕಡಿಮೆಯಾಗುತ್ತದೆ. ಅದಕ್ಕೇ ಎತ್ತರ ಎಷ್ಟು ಅಂತ ಕೇಳಿದ ಹಾಗೇ, ಆ ಎತ್ತರ ಆಕ್ಸಲ್ಲಿಂದ ಎಷ್ಟು ದೂರದಲ್ಲಿದೆ ಅಂತಲೂ ಬರೆದುಕೊಳ್ಳಿ.

ಬೋಟ್ ಅಳೆಯುವ ಬಗೆ

ಬೋಟಿನ ಪುಸ್ತಕದಲ್ಲಿರುವ ಎತ್ತರ ನಂಬಬೇಡಿ. ಅದು ಬರೀ ಬೋಟಿನದು, ಟ್ರೇಲರ್ ಸೇರಿರುವುದಿಲ್ಲ. ಇಬ್ಬರು ಬೇಕು. ಒಬ್ಬರು ಏಣಿ ಹತ್ತಿ ಅತಿ ಎತ್ತರದ ಜಾಗದ ಮೇಲೆ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಅದರ ಮೇಲೆ ರಸಮಟ್ಟ ಇಡಬೇಕು. ಗುಳ್ಳೆ ನಡುವಿಗೆ ಬಂದ ಮೇಲೆ ಪಟ್ಟಿಯ ತುದಿಯಿಂದ ಟೇಪನ್ನು ನೇರ ನೆಲಕ್ಕೆ ಇಳಿಸಬೇಕು. ಕಣ್ಣಂದಾಜಿನಲ್ಲಿ ಓರೆಯಾಗಿ ಹಿಡಿದರೆ ಎರಡು ಮೂರು ಇಂಚು ಸುಮ್ನೆ ತಪ್ಪುತ್ತದೆ.

ಟ್ಯಾಂಕ್ ಖಾಲಿ ಇರುವಾಗ, ಟೈರಿಗೆ ಪೂರ್ತಿ ಗಾಳಿ ಇರುವಾಗ ಅಳೆಯಿರಿ. ಭಾರ ಇಳಿದರೆ ಸ್ಪ್ರಿಂಗ್ ಏಳುತ್ತದೆ, ಬೋಟೂ ಏಳುತ್ತದೆ. ತುಂಬಿದ ಬೋಟ್ ಆರಾಮಾಗಿ ಒಳಗೆ ಬಂದು, ಸಾಮಾನು ಇಳಿಸಿದ ಮೇಲೆ ಹೊರಗೆ ಹೋಗುವಾಗ ತಾಗಬಹುದು. ಹೀಗೆ ಅಳೆಯಲು ಆಗದಿದ್ದರೆ ಒಂದು ಇಂಚು ಸೇರಿಸಿ. ಮಡಚುವ ಆಂಟೆನಾ, ಕಿತ್ತಿಡುವ ದೀಪ ಇವನ್ನು ಬೇರೆಯಾಗಿ ಬರೆದುಕೊಳ್ಳಿ. ಹಲಸೂರು ಕೆರೆಯಲ್ಲಿ ಕಾಣುವಂಥ ಸಣ್ಣ ಹಾಯಿದೋಣಿಯಾದರೆ ಕಂಬ ಇಳಿಸಿಯೇ ಒಳಗಿಡುವುದು. ಅಲ್ಲಿ ಎತ್ತರದ ಚಿಂತೆ ಇಲ್ಲ, ಮಲಗಿಸಿದ ಕಂಬದ ಉದ್ದದ್ದೇ ಚಿಂತೆ.

ಸರಿಯಾದ ಲೆಕ್ಕ

ಈಗ ಅದೇ ಬೋಟಿಗೆ ಮೊದಲಿಂದ ಮಾಡೋಣ. ಬೋಟ್ 110 ಇಂಚು, ಭಾರ ಇಳಿದಾಗ 1, ಓರೆಯಿಂದ 4, ರ‍್ಯಾಂಪಿನ ತುದಿ ಹತ್ತುವಾಗ ಕುಲುಕಾಟಕ್ಕೆ 2, ತಾಗದಿರಲು ಹೆಚ್ಚಿಗೆ ಬಿಡುವ ಜಾಗ 3. ಒಟ್ಟು 120 ಇಂಚು, ಅಂದರೆ 10 ಅಡಿ. ಇದು ಕ್ಲಿಯರ್ ಎತ್ತರ: ಮುಗಿದ ನೆಲದಿಂದ, ಬಾಗಿಲು ಪೂರ್ತಿ ತೆರೆದಾಗ ಅತಿ ಕೆಳಗೆ ತೂಗುವ ವಸ್ತುವಿನವರೆಗೆ. ಡ್ರಾಯಿಂಗಿನಲ್ಲಿ ಈ ಎರಡೂ ತುದಿಗಳನ್ನು ಗುರುತಿಸಿ ಬಾಣ ಹಾಕಿ ತೋರಿಸಿ. ಬರೀ ಹತ್ತಡಿ ಬಾಗಿಲು ಅಂತ ಬರೆದರೆ ಒಬ್ಬೊಬ್ಬರು ಒಂದೊಂದು ಕಡೆಯಿಂದ ಅಳೆಯುತ್ತಾರೆ.

ಇಲ್ಲಿಂದ ಮುಂದೆ ಯಾವ ಬಾಗಿಲು ಅನ್ನುವುದರ ಮೇಲೆ ಕಟ್ಟಡದ ಎತ್ತರ ನಿಲ್ಲುತ್ತದೆ.

ರೋಲಿಂಗ್ ಶಟರ್ ತೆಗೆದುಕೊಳ್ಳೋಣ. 120ಕ್ಕೆ ನೆಲದ 3 ಮತ್ತು ಕೆಳಪಟ್ಟಿಯ 4 ಸೇರಿಸಿದರೆ ಪೆಟ್ಟಿಗೆಯ ತಳ 127 ಇಂಚಿಗೆ ಬರಬೇಕು. ಶಟರ್ ಎತ್ತರವಾದಷ್ಟೂ ಸುರುಳಿ ದಪ್ಪವಾಗುತ್ತದೆ. ಪೆಟ್ಟಿಗೆಗೆ ಒಂದೂವರೆ ಅಡಿ ಹಿಡಿದರೆ 145 ಇಂಚು, ಅಂದರೆ 12 ಅಡಿ 1 ಇಂಚಿನಲ್ಲಿ ಬೀಮಿನ ತಳ. ಪೆಟ್ಟಿಗೆಯ ನಿಜವಾದ ಅಳತೆಯನ್ನು ಶಟರ್ ಮಾಡುವವರಿಂದ ಬರೆಸಿಕೊಂಡೇ ಬೀಮಿನ ಮಟ್ಟ ಗೊತ್ತು ಮಾಡಿ. ನಮ್ಮ ಕಡೆ ಮನೆಯ ಒಂದು ಅಂತಸ್ತು ಸಾಮಾನ್ಯವಾಗಿ 10 ಅಡಿ. ಹಾಗಾಗಿ ಈ ಬಾಗಿಲು ಮಾಮೂಲು ಮನೆಯ ಕೆಳಗೆ ಕೂರುವುದೇ ಇಲ್ಲ. ಪ್ಲಾನ್ ಹಾಕುವ ದಿನವೇ ಇದು ಗೊತ್ತಿರಬೇಕು, ಪಿಲ್ಲರ್ ಎದ್ದ ಮೇಲೆ ಅಲ್ಲ.

ಎರಡು ರೆಕ್ಕೆಯ ಕಬ್ಬಿಣದ ಗೇಟಾದರೆ ಮೇಲೆ ಏನೂ ತೂಗುವುದಿಲ್ಲ. 120, ನೆಲಕ್ಕೆ 3, ಮೇಲಿನ ತಡೆಪಟ್ಟಿಗೆ 1: ಬರೀ 10 ಅಡಿ 4 ಇಂಚು. ಶಟರಿಗಿಂತ 1 ಅಡಿ 9 ಇಂಚು ಉಳಿತಾಯ. ಮುಂದೆ ರೆಕ್ಕೆ ಬಿಚ್ಚಲು 6 ಅಡಿ ಜಾಗ ಇದ್ದರೆ ನಾನು ಇದನ್ನೇ ಆರಿಸುತ್ತೇನೆ. ಕರೆಂಟ್ ಹೋದರೂ ತೆಗೆಯಬಹುದು, ಕೆಟ್ಟರೆ ಬೀದಿಯ ವೆಲ್ಡರ್ ಸರಿ ಮಾಡುತ್ತಾರೆ. ಜಾಗ ಇಲ್ಲದವರಿಗೆ ಶಟರೇ ಸರಿ.

ಹಲಗೆ ಹಲಗೆಯಾಗಿ ಮೇಲಕ್ಕೆ ಹೋಗಿ ಚಾವಣಿಯ ಕೆಳಗೆ ಮಲಗುವ ಸೆಕ್ಷನಲ್ ಬಾಗಿಲು ನೋಡಲು ಚೆಂದ. ಆದರೆ ತೆರೆದಾಗ ಅದು ಬೋಟಿನ ನೆತ್ತಿಯ ಮೇಲೇ ಇರುತ್ತದೆ. ಮೇಲೆ ಹೇಳಿದ ಆ 7 ಅಡಿಯನ್ನೂ ಅದು ಮುಚ್ಚುತ್ತದೆ. ಹಾಕಲೇಬೇಕು ಅಂದರೆ ಗೋಡೆಗುಂಟ ಇನ್ನೂ ಮೇಲಕ್ಕೆ ಹೋಗಿ ತಿರುಗುವ ಹಳಿ ಕೇಳಬೇಕು, ಅದಕ್ಕೆ ತಕ್ಕ ಚಾವಣಿ ಬೇಕು.

ಗಾಳಿ ಮತ್ತು ತೂಕ

ಅಗಲ 12 ಅಡಿ, ಎತ್ತರ 10 ಅಡಿ ಅಂದರೆ ಸುಮಾರು 11.1 ಚದರ ಮೀಟರ್. ಕೈಯಲ್ಲಿ ಎತ್ತುವ ಶಟರ್ ಸಾಮಾನ್ಯವಾಗಿ 8 ಚದರ ಮೀಟರ್‌ವರೆಗೆ ಬಾಲ್ ಬೇರಿಂಗ್ ಇಲ್ಲದೆ ನಡೆಯುತ್ತದೆ, 12ರವರೆಗೆ ಬೇರಿಂಗ್ ಬೇಕು, ಅದಕ್ಕೂ ದೊಡ್ಡದಾದರೆ ಗೇರ್. ನಮ್ಮದು 12ರ ಅಂಚಿನಲ್ಲಿದೆ. ನಾನಾಗಿದ್ದರೆ ಚೈನ್ ಗೇರನ್ನೇ ಬರೆಯುತ್ತೇನೆ. ಹತ್ತಡಿ ಮೇಲಿರುವ ಪಟ್ಟಿಯನ್ನು ಕೊಕ್ಕೆ ಹಾಕಿ ಎಳೆಯುವುದು ದಿನಾ ಆಗುವ ಕೆಲಸ ಅಲ್ಲ.

ಗಾಳಿಗೆ ಐಎಸ್ 875ರ (ಕಟ್ಟಡದ ಮೇಲೆ ಬೀಳುವ ಭಾರಗಳ ಭಾರತೀಯ ಮಾನದಂಡ) 3ನೇ ಭಾಗದಲ್ಲಿ ಬೆಂಗಳೂರಿಗೆ ಕೊಟ್ಟ ಮೂಲ ವೇಗ ಸೆಕೆಂಡಿಗೆ 33 ಮೀಟರ್. ಒತ್ತಡ 0.6 × 33 × 33, ಅಂದರೆ ಚದರ ಮೀಟರಿಗೆ ಸುಮಾರು 653 ನ್ಯೂಟನ್. ಇಡೀ ಬಾಗಿಲಿಗೆ ಸುಮಾರು 7,300 ನ್ಯೂಟನ್. ಹೆಚ್ಚು ಕಡಿಮೆ 740 ಕೆಜಿ ತೂಕ ಒರಗಿದ ಹಾಗೆ. ಇದು ಗುಣಕಗಳನ್ನು ಸೇರಿಸದ ಒರಟು ಲೆಕ್ಕ, ಆದರೂ ತೆಳು ಪಟ್ಟಿ, ಸಣ್ಣ ಹಿಂಜು ಯಾಕೆ ಸಾಲದು ಅಂತ ಇದರಲ್ಲೇ ಗೊತ್ತಾಗುತ್ತದೆ.

ಅಗಲ, ಉದ್ದ ಬೇಗ ಹೇಳಿಬಿಡುತ್ತೇನೆ. ರಸ್ತೆಯಲ್ಲಿ ವಾಹನದ ಅಗಲಕ್ಕೆ ಮಿತಿ 2.6 ಮೀಟರ್, ಎಂಟೂವರೆ ಅಡಿ. ಆದ್ದರಿಂದ 12 ಅಡಿ ಬಾಗಿಲು ಸಾಕು. ಉದ್ದಕ್ಕೆ 19 ಅಡಿ ಬೋಟಿಗೆ ಮುಂದಿನ ಮೂತಿ, ಹಿಂದೆ ಎತ್ತಿದ ಎಂಜಿನ್ ಸೇರಿ 25 ಅಡಿ ಆಗಬಹುದು. 30×40 ಸೈಟಿನಲ್ಲಿ ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ, ಬಿಟ್ಟ ಮೇಲೆ ಏನು ಉಳಿಯುತ್ತದೆ ನೋಡಿಕೊಳ್ಳಿ. ಹಾಗೇ ಗೇಟಿನ ಮುಂದಿನ ಕರೆಂಟ್ ತಂತಿ, ಕೇಬಲ್, ಮರದ ಕೊಂಬೆಯ ಎತ್ತರವನ್ನೂ ನೋಡಿ. ಬಾಗಿಲು ಎಷ್ಟೇ ಎತ್ತರ ಇದ್ದರೂ ಬೋಟ್ ಅಲ್ಲಿಯವರೆಗೆ ಬರಬೇಕಲ್ಲ.

ಶಟರಿಗೆ ಆರ್ಡರ್ ಕೊಡುವ ಮುಂಚೆ

ಎರಡು ಬಿದಿರು ನೆಟ್ಟು, ಲೆಕ್ಕದಲ್ಲಿ ಬಂದ ಕ್ಲಿಯರ್ ಎತ್ತರಕ್ಕೆ ಅಡ್ಡ ದಾರ ಕಟ್ಟಿ. ದಾರಕ್ಕೆ ಬಟ್ಟೆ ಚೂರುಗಳನ್ನು ಗಂಟು ಹಾಕಿ. ನೆಲ ಇನ್ನೂ ಒರಟಾಗಿದ್ದರೆ ಆ 3 ಇಂಚನ್ನೂ ಸೇರಿಸಿ ಕಟ್ಟಬೇಕು. ಬೋಟನ್ನು ನಿಧಾನಕ್ಕೆ ಹಿಂದೆ ಬಿಡಿ. ಪಕ್ಕದಲ್ಲಿ ನಿಂತವರು ಬಟ್ಟೆ ಅಲುಗಿತಾ ನೋಡಲಿ. ಕಾರಿನ ಡಿಕ್ಕಿ ತುಂಬಿಸಿ ಇನ್ನೊಂದು ಸಲ ಮಾಡಿ. ಡಿಕ್ಕಿ ತುಂಬಿದರೆ ಕಾರಿನ ಹಿಂಭಾಗ ಕುಸಿದು ಕೊಂಡಿ ಇಳಿಯುತ್ತದೆ. ಕೊಂಡಿ 3 ಇಂಚು ಇಳಿದರೆ ನಮ್ಮ ಕಮಾನು 1 ಇಂಚು ಏರುತ್ತದೆ.

ನಮ್ಮ ಸೈಟಿನಲ್ಲಿ ಬೀಮ್ ಎತ್ತುವ ಹಾಗಿರಲಿಲ್ಲ. ಒಡೆದ ದೀಪದ ಜಾಗದಲ್ಲಿ ಕೈಯಿಂದ ಕಿತ್ತಿಡುವಂಥ ದೀಪ ಹಾಕಿಸಿದರು. ದೀಪದ್ದೇ 6 ಇಂಚು ಎತ್ತರ ಇತ್ತು. ಅದು ಹೋದ ಮೇಲೆ ಕಮಾನು 104 ಇಂಚು, ಓರೆ ಸೇರಿ 108. ಈಗ ರ‍್ಯಾಂಪಿನ ಬುಡದಲ್ಲಿ ಕಾರು ನಿಲ್ಲಿಸಿ, ದೀಪ ಕಿತ್ತು ಸೀಟಿನ ಮೇಲಿಟ್ಟು, ಆಮೇಲೆ ಹಿಂದಕ್ಕೆ ಬಿಡುತ್ತಾರೆ. ಮೇಲೆ 5 ಇಂಚು ಬೆಳಕು ಕಾಣುತ್ತದೆ.