ಪಿನ್ ಹಾಕಿ, ವರ್ಷ ಎಳೆದು ನೋಡಿ

ಗೂಗಲ್ ಅರ್ಥ್‌ನಲ್ಲಿ ಹಳೆಯ ಉಪಗ್ರಹ ಚಿತ್ರ ನೋಡುವ ಸೌಲಭ್ಯ 2009ರಿಂದಲೇ ಇದೆ. ಆದರೆ ಅದಕ್ಕಾಗಿ ಕಂಪ್ಯೂಟರಿಗೆ ತಂತ್ರಾಂಶ ಹಾಕಿಕೊಳ್ಳಬೇಕಿತ್ತು, ಹಾಗಾಗಿ ನಮ್ಮಂಥ ಸರ್ವೆಯವರು ಬಿಟ್ಟರೆ ಜಾಸ್ತಿ ಜನ ಅದರ ಗೋಜಿಗೆ ಹೋಗುತ್ತಿರಲಿಲ್ಲ. 2024ರಲ್ಲಿ ಅದು ಬ್ರೌಸರ್‌ಗೂ ಫೋನಿಗೂ ಬಂತು. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ತಲೆನೋವು. ಈಗ ಬಂದವರು ಕೂರುವ ಮೊದಲೇ ಫೋನ್ ಮುಂದೆ ಹಿಡಿಯುತ್ತಾರೆ. "ನೋಡಿ ಸರ್, ಐದು ವರ್ಷದ ಹಿಂದೆ ಪಕ್ಕದವರ ಮಹಡಿ ಮನೆ ಇಲ್ಲಿತ್ತು. ಈಗ ಇಲ್ಲಿಗೆ ಬಂದಿದೆ. ಎರಡು ಮೀಟರ್ ಒತ್ತುವರಿ!"

ಕಟ್ಟಿದ ಮನೆ ರಾತ್ರೋರಾತ್ರಿ ಎರಡು ಮೀಟರ್ ನಡೆದು ಬರುತ್ತಾ ಸ್ವಾಮಿ ಅಂದರೆ, "ಮ್ಯಾಪೇ ಹೇಳ್ತಿದೆಯಲ್ಲ" ಅನ್ನುತ್ತಾರೆ.

ವಾದ ಮಾಡಿ ಪ್ರಯೋಜನವಿಲ್ಲ ಅಂತ ಗೊತ್ತಾದ ಮೇಲೆ ಈಗ ಒಂದು ಕೆಲಸ ಮಾಡಿಸುತ್ತೇನೆ. ಪಕ್ಕದವರ ಮನೆ ಬಿಡಿ, ನಿಮ್ಮದೇ ಮನೆಯ ಚಾವಣಿಯ ಮೂಲೆಗೆ ಒಂದು ಪಿನ್ ಹಾಕಿ. ಆಮೇಲೆ ಪರದೆಯ ಮೇಲಿನ ವರ್ಷದ ಪಟ್ಟಿಯನ್ನು ನಿಧಾನಕ್ಕೆ ಹಿಂದಕ್ಕೆ ಎಳೆಯಿರಿ. ಪಿನ್ ಇದ್ದಲ್ಲೇ ಇರುತ್ತದೆ. ಮನೆ ಸರಿಯುತ್ತದೆ! ಒಂದು ವರ್ಷ ಪಿನ್ ಮೂಲೆಯಲ್ಲಿದ್ದರೆ, ಇನ್ನೊಂದು ವರ್ಷ ಚಾವಣಿಯ ನಡುವೆ, ಮತ್ತೊಂದು ವರ್ಷ ಬೀದಿಯಲ್ಲಿ. ಹೆಚ್ಚಿನವರು ಅಲ್ಲಿಗೆ ನಕ್ಕು ಸುಮ್ಮನಾಗುತ್ತಾರೆ. ಒಬ್ಬ ಹಿರಿಯರು ಮಾತ್ರ ಗಾಬರಿಯಾಗಿ, ಅಡಿಪಾಯ ಸರಿಯಾಗಿ ಹಾಕಿಲ್ಲ ಅಂತ ತಮ್ಮ ಕಂಟ್ರಾಕ್ಟರನ್ನು ಬೈಯಲು ಶುರು ಮಾಡಿದರು. ಅವರನ್ನು ಸಮಾಧಾನ ಮಾಡುವುದೇ ದೊಡ್ಡ ಕೆಲಸವಾಯಿತು.

ಹೀಗೇಕಾಗುತ್ತದೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದೊಂದು ಅರ್ಥವಾದರೆ ಅರ್ಧ ಜಗಳ ಮುಗಿಯುತ್ತದೆ. ಉಪಗ್ರಹ ಯಾವಾಗಲೂ ನಮ್ಮ ನೆತ್ತಿಯ ಮೇಲೆ ನಿಂತು ಫೋಟೋ ತೆಗೆಯುವುದಿಲ್ಲ. ಬಹಳ ಸಲ ಓರೆಯಾಗಿ ತೆಗೆಯುತ್ತದೆ. ಆ ಓರೆ ಚಿತ್ರವನ್ನು ನೆಲದ ಏರುತಗ್ಗಿನ ಲೆಕ್ಕ ಹಿಡಿದು ಸರಿಪಡಿಸಿ, ಗುಡ್ಡದ ಮೇಲೆ ಹೊದಿಕೆ ಹಾಸಿದ ಹಾಗೆ ಭೂಮಿಯ ಮೇಲೆ ಹಾಸುತ್ತಾರೆ. ಏರುತಗ್ಗಿನ ಲೆಕ್ಕವೇ ಒರಟಾಗಿದ್ದರೆ ಹೊದಿಕೆಯೂ ಪಕ್ಕಕ್ಕೆ ಜಾರುತ್ತದೆ. ಇಂಥ ಲೆಕ್ಕಗಳಲ್ಲಿ ತುಂಬ ಬಳಕೆಯಾದದ್ದು 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ಮಾಡಿದ ರೇಡಾರ್ ಅಳತೆ. ಅದರಲ್ಲಿ ಸುಮಾರು 30 ಮೀಟರಿಗೊಂದು ಎತ್ತರ ಸಿಗುತ್ತದೆ. ಇನ್ನು ಪ್ರತಿ ಸಲದ ಚಿತ್ರಕ್ಕೂ ಉಪಗ್ರಹ ಬೇರೆ ಇರಬಹುದು, ಓರೆ ಬೇರೆ, ಜಾರುವ ದಿಕ್ಕೂ ಬೇರೆ.

ಕಟ್ಟಡದ ಕಥೆ ಇನ್ನೂ ಬೇರೆ. ನೆಲವನ್ನು ಸರಿಪಡಿಸಿದರೂ ಸಾಮಾನ್ಯವಾಗಿ ಚಾವಣಿಯನ್ನು ಯಾರೂ ಸರಿಪಡಿಸಿರುವುದಿಲ್ಲ. 20 ಡಿಗ್ರಿ ಓರೆಯಲ್ಲಿ ತೆಗೆದ ಚಿತ್ರದಲ್ಲಿ 6 ಮೀಟರ್ ಎತ್ತರದ ಮನೆಯ ಚಾವಣಿ ಅದರ ಬುಡದಿಂದ ಸುಮಾರು 2.2 ಮೀಟರ್ ಆಚೆ ಕಾಣಿಸುತ್ತದೆ. ಪಕ್ಕದವರ ಮಹಡಿ ಮನೆಯ "ಒತ್ತುವರಿ" ಎಷ್ಟಿತ್ತು? ಎರಡು ಮೀಟರ್, ಅಲ್ವಾ? 30 ಮೀಟರ್ ಎತ್ತರದ ಕಟ್ಟಡವಾದರೆ 11 ಮೀಟರ್ ಹತ್ತಿರ ಹೋಗುತ್ತದೆ.

"ಅಷ್ಟು ಸ್ಪಷ್ಟವಾಗಿ ಕಾಣ್ತದಲ್ಲ ಸರ್?" ಈ ಪ್ರಶ್ನೆ ಬಾರದ ವಾರವಿಲ್ಲ. ಹೌದು, ಕಾಣುತ್ತದೆ. ಒಳ್ಳೆಯ ಉಪಗ್ರಹ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ ಸುಮಾರು 30 ಸೆಂಟಿಮೀಟರ್. ಕಾರಿನ ಗಾಜನ್ನೂ ಗುರುತಿಸಬಹುದು. ಆದರೆ ಆ ಕಾರು ಪರದೆ ತೋರಿಸುವ ಅಕ್ಷಾಂಶ ರೇಖಾಂಶದಲ್ಲೇ ನಿಂತಿದೆ ಅಂತ ಚಿತ್ರದ ಚೆಂದ ನೋಡಿ ಹೇಳಲಾಗದು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 109 ನಗರಗಳ 436 ಬಿಂದುಗಳನ್ನು ಗೂಗಲ್ ಅರ್ಥ್‌ನಲ್ಲಿ ಪರೀಕ್ಷಿಸಿದಾಗ ವ್ಯತ್ಯಾಸ ಅರ್ಧ ಮೀಟರಿಗಿಂತ ಕಡಿಮೆಯಿಂದ ಹಿಡಿದು 170 ಮೀಟರ್ ದಾಟುವವರೆಗೂ ಸಿಕ್ಕಿತ್ತು. ಈಗ ಎಷ್ಟೋ ಸುಧಾರಿಸಿದೆ, ಅದನ್ನು ಒಪ್ಪಬೇಕು. ಆದರೆ ನಿಮ್ಮ ಜಾಗದಲ್ಲಿ, ನೀವು ನೋಡುತ್ತಿರುವ ವರ್ಷದಲ್ಲಿ ಎಷ್ಟಿದೆ ಅನ್ನುವುದು ನೆಲಕ್ಕಿಳಿದು ಅಳೆಯುವವರೆಗೂ ತಿಳಿಯದು.

ಮೋಸ ಮಾಡುವುದರಲ್ಲಿ ಪಾಯಿಂಟಿನ ಆಚೆಯ ಅಂಕಿಗಳದ್ದೂ ಪಾಲಿದೆ. ಪಿನ್ ಒತ್ತಿದರೆ ಅಕ್ಷಾಂಶ ರೇಖಾಂಶ ಆರು ದಶಮಾಂಶದವರೆಗೆ ಬರುತ್ತದೆ. ಆರನೆಯ ಅಂಕಿ ಅಂದರೆ ಸುಮಾರು 11 ಸೆಂಟಿಮೀಟರ್. ಅಂಕಿ ಬರೆಯಲು ತಂತ್ರಾಂಶಕ್ಕೇನೂ ಖರ್ಚಿಲ್ಲ, ಬರೆಯುತ್ತದೆ. ಫೋನ್ ಹಿಡಿದು ಜಾಗದ ಮೂಲೆಯಲ್ಲಿ ನಿಂತರೂ ಅಷ್ಟೇ. ಬಯಲಿನಲ್ಲಿ 5 ಮೀಟರ್ ಆಚೀಚೆ ಸಾಮಾನ್ಯ, ಕಟ್ಟಡಗಳ ನಡುವೆ ಇನ್ನೂ ಹೆಚ್ಚು.

ದೊಡ್ಡವರೂ ಈ ಗುಂಡಿಗೆ ಬಿದ್ದಿದ್ದಾರೆ. 2010ರಲ್ಲಿ ಮಧ್ಯ ಅಮೆರಿಕದ ನಿಕರಾಗುವದ ಸೈನಿಕ ತುಕಡಿ ಸಾನ್ ಹುವಾನ್ ನದಿಯ ಬಳಿ ಕೋಸ್ಟರಿಕಾ ತನ್ನದೆನ್ನುವ ಜಾಗಕ್ಕೆ ಹೋಗಿ ಕೂತಿತು. ಸಮರ್ಥನೆಗೆ ಅಲ್ಲಿನ ಕಾರ್ಯಾಚರಣೆಯ ಮುಖಂಡ ತೋರಿಸಿದ್ದು ಗೂಗಲ್ ಮ್ಯಾಪಿನ ಗಡಿಗೆರೆಯನ್ನು. ಗೆರೆ ಕೆಲವೆಡೆ 2.7 ಕಿಲೋಮೀಟರ್‌ವರೆಗೆ ತಪ್ಪಿದೆ ಅಂತ ಆಮೇಲೆ ಕಂಪನಿಯೇ ಒಪ್ಪಿಕೊಂಡಿತು. ಆ ಜಾಗ ಕೋಸ್ಟರಿಕಾದ್ದು ಅಂತ ಅಂತಾರಾಷ್ಟ್ರೀಯ ನ್ಯಾಯಾಲಯ ಹೇಳುವಷ್ಟರಲ್ಲಿ 2015 ಬಂದಿತ್ತು. ಅಲ್ಲಿ ತಪ್ಪಿದ್ದು ಚಿತ್ರವಲ್ಲ, ಅದರ ಮೇಲೆ ಎಳೆದ ಗೆರೆ, ನಿಜ. ಆದರೂ ಪರದೆ ಮೇಲೆ ಕಂಡದ್ದನ್ನು ಗಡಿಕಲ್ಲು ಅಂದುಕೊಳ್ಳುವ ಚಾಳಿ ಒಂದೇ.

ಇಷ್ಟೆಲ್ಲ ಹೇಳಿದೆ ಅಂತ ಇದನ್ನು ಬಳಸಲೇಬೇಡಿ ಅನ್ನುತ್ತಿಲ್ಲ. ನಾನೇ ದಿನಾ ಬಳಸುತ್ತೇನೆ. ಗೋಡೆ ಯಾವ ವರ್ಷ ಎದ್ದಿತು, ಕೆರೆ ಯಾವಾಗ ಒಣಗಿತು, ಮರ ಎಂದು ಕಡಿದರು, ಇಂಥದ್ದಕ್ಕೆ ವರ್ಷದ ಪಟ್ಟಿಯಂಥ ಸಾಧನ ಇನ್ನೊಂದಿಲ್ಲ. 1984ರಿಂದೀಚೆಗಿನ ಚಿತ್ರಗಳನ್ನು ಸಿನಿಮಾದ ಹಾಗೆ ಓಡಿಸುವ ಟೈಮ್‌ಲ್ಯಾಪ್ಸ್‌ನಲ್ಲಿ ನದಿ ಪಾತ್ರ ಬದಲಿಸುವುದನ್ನು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಸಮತಟ್ಟು ನೆಲದಲ್ಲಿ, ಒಂದೇ ಚಿತ್ರದೊಳಗೆ, ಹೊಲದ ಉದ್ದ ಅಗಲ ಅಂದಾಜಿಗೆ ಅಳೆಯುವುದೂ ಪರವಾಗಿಲ್ಲ. ಇತ್ತೋ ಇಲ್ಲವೋ ಅನ್ನುವುದಕ್ಕೆ ಉತ್ತರ ಸಿಗುತ್ತದೆ, ಕರಾರುವಾಕ್ಕಾಗಿ ಎಲ್ಲಿ ಅನ್ನುವುದಕ್ಕೆ ಸಿಗದು. ಅಂಥ ಚಿತ್ರ ಸಾಕ್ಷಿಯಾಗಿ ನಿಲ್ಲುತ್ತದೋ ಇಲ್ಲವೋ ನಿಮ್ಮ ವಕೀಲರನ್ನು ಕೇಳಿ. ಅದು ನನ್ನ ಕೆಲಸವಲ್ಲ.

ನಮ್ಮ ಹತ್ತಿರ ಬರುವಾಗ ಸ್ಕ್ರೀನ್‌ಶಾಟ್ ಬೇಡ. ಗುರುತು ಮಾಡಿದ್ದನ್ನು ಕೆಎಂಎಲ್ ಫೈಲ್ (ಗುರುತನ್ನು ಅಕ್ಷಾಂಶ ರೇಖಾಂಶದ ಸಮೇತ ಇಡುವ ಫೈಲ್) ಆಗಿ ಉಳಿಸಿ ತನ್ನಿ. ಕೈಯಲ್ಲಿ ತಿದ್ದುವವರಿದ್ದರೆ ನೆನಪಿಡಿ, ಅದರಲ್ಲಿ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. ಅದಲು ಬದಲಾದರೆ ನಿಮ್ಮ ಜಾಗ ಉತ್ತರ ಧ್ರುವದ ಕಡೆ ಎಲ್ಲೋ ಹೋಗಿರುತ್ತದೆ. ಚಿತ್ರದ ತಾರೀಕು ಬರೆದುಕೊಳ್ಳಿ. ಪಿನ್ನನ್ನು ಚಾವಣಿಗೆ ಹಾಕಬೇಡಿ, ಗೋಡೆಯ ಬುಡಕ್ಕೆ ಹಾಕಿ. ಹಳೆಯ ಕಾಗದಪತ್ರಗಳನ್ನೂ ತನ್ನಿ. ಉಳಿದದ್ದನ್ನು ಜಾಗದಲ್ಲಿ ಉಪಕರಣ ನಿಲ್ಲಿಸಿ ನೋಡೋಣ. ಅಲ್ಲಿಯವರೆಗೆ ಪಕ್ಕದವರ ಮನೆ ಬಾಗಿಲು ತಟ್ಟಬೇಡಿ.