ಆತ್ಮದ ತೂಕವೂ ಅಡಿಕೆಯ ತೇವವೂ

ಪ್ರಶ್ನೆ: ಸತ್ತ ಮೇಲೆ ಏನೂ ಇಲ್ಲ ಅಂತೀರಲ್ಲ ಸಾರ್, ಹಾಗಾದ್ರೆ ಪ್ರಾಣ ಹೋದ ಕೂಡಲೇ ದೇಹದ ತೂಕ 21 ಗ್ರಾಂ ಕಮ್ಮಿ ಆಗೋದು ಹೇಗೆ?
– ಓದುಗರೊಬ್ಬರು, ತೀರ್ಥಹಳ್ಳಿ

ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಇದಕ್ಕೆ ಉತ್ತರ ಹೇಳಿದ್ದೇನೆ, ಮದುವೆಮನೆಯಲ್ಲಿ ಹೇಳಿದ್ದೇನೆ, ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲಿ ಹೋಳಿಗೆ ಬರುವ ಮೊದಲೂ ಹೇಳಿದ್ದೇನೆ. ಇನ್ನೊಮ್ಮೆ ಹೇಳುತ್ತೇನೆ, ಬಿಡಿ.

ಮೊದಲರ್ಧ ಸುಲಭ. ಪ್ರಜ್ಞೆ ದೇಹದ್ದೇ ಕೆಲಸ, ದೇಹ ನಿಂತರೆ ಅದೂ ನಿಂತಿತು ಎನ್ನುವುದು ನಾಸ್ತಿಕರ ಮಾತು. ವಿಲಾಯಿತಿ ಸರಕೇನಲ್ಲ. ಬಿಡಿಬಿಡಿ ಪದಾರ್ಥದಲ್ಲಿ ಇಲ್ಲದ ಅಮಲು ಅವು ಸೇರಿ ಹುದುಗಿದಾಗ ಹುಟ್ಟುವಂತೆ ಚೈತನ್ಯವೂ ಎಂದರು ಚಾರ್ವಾಕರು, ನಮ್ಮ ಹಳೆಯ ಕಾಲದ ನಾಸ್ತಿಕರು. ‘ಭಸ್ಮೀಭೂತಸ್ಯ ದೇಹಸ್ಯ ಪುನರಾಗಮನಂ ಕುತಃ’ – ಬೂದಿಯಾದ ದೇಹ ತಿರುಗಿ ಬರುವುದೆಲ್ಲಿಂದ? ಇದನ್ನು 14ನೇ ಶತಮಾನದಲ್ಲಿ ದಾಖಲಿಸಿಟ್ಟ, ‘ಸರ್ವದರ್ಶನಸಂಗ್ರಹ’ದ ಕರ್ತೃ ಮಾಧವರು ಚಾರ್ವಾಕರಲ್ಲ, ವೇದಾಂತಿ. ಎದುರಾಳಿಯ ಪುಣ್ಯದಿಂದ ಉಳಿದ ಮಾತು.

ಇನ್ನು ಆ 21 ಗ್ರಾಂ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಡಂಕನ್ ಮ್ಯಾಕ್‌ಡೂಗಲ್ ಎಂಬ ವೈದ್ಯ ಸಾಯುತ್ತಿದ್ದ ರೋಗಿಗಳನ್ನು ಮಂಚದ ಸಮೇತ ತಕ್ಕಡಿಯ ಮೇಲಿಟ್ಟು ತೂಗಿ, 1907ರಲ್ಲಿ ಲೆಕ್ಕ ಪ್ರಕಟಿಸಿದ. ಒಟ್ಟು ಎಷ್ಟು ಜನ? ಆರು. ಅದರಲ್ಲಿ ಇಬ್ಬರ ಲೆಕ್ಕವನ್ನು ಅವನೇ ಕೈಬಿಟ್ಟ. ಉಳಿದವರದ್ದು ಒಂದಕ್ಕೊಂದು ತಾಳೆಯಾಗಲಿಲ್ಲ. ಮುಕ್ಕಾಲು ಔನ್ಸ್, ಅಂದರೆ ನಿಮ್ಮ 21 ಗ್ರಾಂ, ಬಂದದ್ದು ಒಬ್ಬನೇ ಒಬ್ಬನಿಗೆ. ಹತ್ತನೇ ಕ್ಲಾಸಿನ ಹುಡುಗ ಪ್ರಾಕ್ಟಿಕಲ್ ಪುಸ್ತಕದಲ್ಲಿ ಇಂಥದ್ದು ಬರೆದುತಂದಿದ್ದರೆ ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ವಾಪಸ್ ಕೊಡುತ್ತಿದ್ದೆ. ಆಮೇಲೆ ಹದಿನೈದು ನಾಯಿಗಳನ್ನೂ ತೂಗಿದ, ಅವುಗಳ ತೂಕ ಇಳಿಯಲಿಲ್ಲ. ನಾಯಿಗೆ ಆತ್ಮವಿಲ್ಲ ಎಂದುಬಿಟ್ಟ! ಉಸಿರು ನಿಂತಾಗ ಶ್ವಾಸಕೋಶ ರಕ್ತವನ್ನು ತಂಪು ಮಾಡುವುದು ನಿಲ್ಲುತ್ತದೆ, ಮೈ ಬಿಸಿಯೇರಿ ಬೆವರುತ್ತದೆ, ನಾಯಿ ನಮ್ಮಂತೆ ಬೆವರುವುದಿಲ್ಲ ಎಂದು ಕ್ಲಾರ್ಕ್ ಎಂಬ ಇನ್ನೊಬ್ಬ ವೈದ್ಯ ಆಗಲೇ ಆಕ್ಷೇಪಿಸಿದ್ದ. ಆ ಭಾಗ ಮಾತ್ರ ವಾಟ್ಸಾಪಿನಲ್ಲಿ ಬರುವುದಿಲ್ಲ.

ಅಡಿಕೆ ಬೆಳೆಯುವವರಿಗೆ ತೂಕದ ಪಾಠ ನಾನು ಹೇಳಬೇಕೇ? ಮನೆಯಲ್ಲಿ ತೂಗಿ ಬಾಯಿ ಹೊಲಿದ ಚೀಲ ಮಂಡಿಯಲ್ಲಿ ಅರ್ಧ ಕೆಜಿ ಕಮ್ಮಿ ಬಂದರೆ ತೇವ ಆರಿತು ಅಂತೀರಿ, ಇಲ್ಲವೇ ತಕ್ಕಡಿಯನ್ನು ಬೈತೀರಿ. ಅಡಿಕೆಯ ಆತ್ಮ ಹೋಯಿತು ಎಂದು ಇದುವರೆಗೆ ಯಾರೂ ಅಂದಿಲ್ಲ.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಸತ್ತ ಮೇಲೂ ಉಪಯೋಗಕ್ಕೆ ಬರುವುದು ಕಣ್ಣು. ಕನ್ನಡಕ ಇದ್ದವರೂ, ಪೊರೆ ತೆಗೆಸಿಕೊಂಡವರೂ ಕೊಡಬಹುದು. ಆದರೆ ಸುಮಾರು ಆರು ಗಂಟೆಯೊಳಗೆ ತೆಗೆಯಬೇಕು. ನಮ್ಮ ಕಡೆ ಬೆಂಗಳೂರಿನಿಂದ ಮಗ ಬರಲಿ ಎಂದು ಕಾಯುವುದರಲ್ಲೇ ಆ ಹೊತ್ತು ಕಳೆದುಹೋಗುತ್ತದೆ. ನೇತ್ರ ಭಂಡಾರಕ್ಕೆ ಫೋನ್ ಮಾಡಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯಡಿಗೆ ದಿಂಬು ಕೊಟ್ಟು, ಫ್ಯಾನ್ ಆರಿಸಿದರೆ ಸಾಕು, ಮಿಕ್ಕಿದ್ದು ಅವರ ಕೆಲಸ. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡರಾಗುತ್ತೇವೆ ಎನ್ನುವವರಿದ್ದಾರೆ. ಸುಟ್ಟರೆ ಆ ಭಯ ಇಲ್ಲವೇನೋ!

ನಮ್ಮನೆಯ ಕ್ಯಾಲೆಂಡರಿನ ಪಕ್ಕ ಆ ನಂಬರ್ ಬರೆದು ಅಂಟಿಸಿದ್ದೇನೆ. ಅದರ ಕೆಳಗೆ ನನ್ನ ಹೆಂಡತಿ ಸೇರಿಸಿದ್ದು: ‘ಸಿಗ್ನಲ್ ಸಿಗುವ ಜಾಗ – ಕೊಟ್ಟಿಗೆ ಹಿಂದಿನ ಹಲಸಿನ ಮರದ ಬುಡ.’