ಸೀಟು ಕಾಲಿಗೆ, ಸ್ಟೇರಿಂಗ್ ಕೈಗೆ: ಕಾರಿನಲ್ಲಿ ಸರಿಯಾಗಿ ಕೂರುವ ಬಗ್ಗೆ ನನ್ನ ಟಿಪ್ಪಣಿ

ಕಾರು ಕಲಿಯಲು ಶುರು ಮಾಡಿ ಮೂರು ವಾರ ಆಯಿತು. ಮೊದಲ ಎರಡು ವಾರ ಕ್ಲಾಸ್ ಮುಗಿಸಿ ಇಳಿದಾಗಲೆಲ್ಲ ಭುಜ ಹಿಡಿದುಕೊಂಡಿರುತ್ತಿತ್ತು, ಎಡ ಮಂಡಿ ನೋಯುತ್ತಿತ್ತು. ಹೊಸಬರು ಭಯಕ್ಕೆ ಮೈ ಬಿಗಿ ಮಾಡಿಕೊಂಡು ಕೂರುತ್ತಾರೆ, ಅದಕ್ಕೇ ನೋವು ಅಂದುಕೊಂಡಿದ್ದೆ. ಅದು ಅರ್ಧ ನಿಜ. ಉಳಿದರ್ಧ ಸೀಟಿನ ತಪ್ಪು. ಕಲಿಸುವವರು ಮೊದಲ ದಿನ "ಸೀಟು ಸರಿ ಮಾಡ್ಕೊಳ್ಳಿ" ಅಂದಿದ್ದರು, ಅಷ್ಟೇ. ಸರಿ ಅಂದರೆ ಹೇಗೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಅರ್ಥ ಆಗಿದೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಇದೆಲ್ಲ ಕಾರು ನಿಂತಿರುವಾಗ, ಹ್ಯಾಂಡ್‌ಬ್ರೇಕ್ ಹಾಕಿ ಮಾಡುವ ಕೆಲಸ. ಓಡುತ್ತಿರುವಾಗ ಸೀಟಿನ ಕೆಳಗಿನ ಕಂಬಿ ಎಳೆದರೆ ಸೀಟು ಹಿಂದಕ್ಕೆ ಜಾರಿ, ಬ್ರೇಕ್ ಕಾಲಿಗೆ ಸಿಗದೇ ಹೋಗಬಹುದು.

ನಾನು ಸಿಕ್ಕಿಹಾಕಿಕೊಂಡಿದ್ದ ಸುತ್ತು

ನನಗೆ ಸ್ಟೇರಿಂಗ್ ದೂರ ಅನಿಸುತ್ತಿತ್ತು. ಅದಕ್ಕೆ ಸೀಟನ್ನು ಮುಂದಕ್ಕೆ ಎಳೆದೆ. ಕೈಗೆ ಸ್ಟೇರಿಂಗ್ ಸಿಕ್ಕಿತು, ಆದರೆ ಮಂಡಿ ಅದರ ಕೆಳಭಾಗಕ್ಕೆ ತಾಗತೊಡಗಿತು. ಸೀಟನ್ನು ಹಿಂದಕ್ಕೆ ತಳ್ಳಿದೆ. ಕಾಲಿಗೆ ಜಾಗ ಆಯಿತು, ಕೈ ಮತ್ತೆ ದೂರ. ಮುಂದೆ, ಹಿಂದೆ, ಮುಂದೆ, ಹಿಂದೆ. ಕೊನೆಗೆ ಬೆನ್ನನ್ನು ಸೀಟಿನಿಂದ ಬಿಡಿಸಿ ಮುಂದೆ ಬಾಗಿ ಕೂತು ಗಾಡಿ ಓಡಿಸುತ್ತಿದ್ದೆ. ಎರಡು ವಾರ ಹಾಗೇ.

ತಪ್ಪು ಎಲ್ಲಿತ್ತು ಅಂದರೆ, ಕಾಲಿಗೂ ಕೈಗೂ ಒಂದೇ ಕಂಬಿಯಿಂದ ಲೆಕ್ಕ ಹೊಂದಿಸಲು ಹೊರಟಿದ್ದೆ. ಸೀಟನ್ನು ಹಿಂದೆ ಮುಂದೆ ಜಾರಿಸುವುದು ಕಾಲಿಗೋಸ್ಕರ ಮಾತ್ರ. ಕೈಗೆ ಬೇರೆ ಎರಡು ದಾರಿ ಇವೆ: ಬ್ಯಾಕ್‌ರೆಸ್ಟ್‌ನ ಓರೆ ಮತ್ತು ಸ್ಟೇರಿಂಗ್‌ನ ಹೊಂದಾಣಿಕೆ. ಒಮ್ಮೆ ಕಾಲಿಗೆ ಸರಿಯಾದ ಮೇಲೆ ಸೀಟಿನ ಕಂಬಿ ಮುಟ್ಟಬಾರದು. ಕೈ ಎಷ್ಟೇ ದೂರ ಅನಿಸಲಿ, ಮುಟ್ಟಬಾರದು. ನನಗೆ ಇದು ತಿಳಿದ ದಿನ ಇಡೀ ವಿಷಯ ಸುಲಭ ಆಯಿತು.

ಮೊದಲು ಎತ್ತರ, ಆಮೇಲೆ ದೂರ

ಸೀಟಿನ ಎತ್ತರ ಬದಲಿಸುವ ಸೌಲಭ್ಯ ಇದ್ದರೆ ಅದೇ ಮೊದಲು. ಯಾಕೆಂದರೆ ಎಷ್ಟೋ ಕಾರುಗಳಲ್ಲಿ ಸೀಟು ನೆಟ್ಟಗೆ ಮೇಲೇಳುವುದಿಲ್ಲ, ಉಯ್ಯಾಲೆಯ ಹಾಗೆ ಸ್ವಲ್ಪ ಮುಂದಕ್ಕೂ ಹೋಗುತ್ತದೆ. ದೂರ ಮೊದಲು ಸರಿ ಮಾಡಿ, ಆಮೇಲೆ ಎತ್ತರ ಮುಟ್ಟಿದರೆ ಮಾಡಿದ್ದೆಲ್ಲ ಕೆಡುತ್ತದೆ. ತಲೆಗೂ ಮೇಲಿನ ಚಾವಣಿಗೂ ನಡುವೆ ಒಂದು ಮುಷ್ಟಿಯಷ್ಟು ಜಾಗ ಉಳಿದು, ಕಣ್ಣು ಸ್ಟೇರಿಂಗ್‌ನ ಮೇಲಿಂದ ರಸ್ತೆಯನ್ನೂ, ಸ್ಟೇರಿಂಗ್ ಒಳಗಿನಿಂದ ಮೀಟರ್‌ಗಳನ್ನೂ ನೋಡುವಂತಿದ್ದರೆ ಸಾಕು.

ಈಗ ದೂರ. ಸೊಂಟವನ್ನು ಸೀಟಿನ ಮೂಲೆಗೆ ತಳ್ಳಿ ಕೂರಬೇಕು. ಹಿಂದಿನ ಜೇಬಿನಲ್ಲಿ ಪರ್ಸ್ ಇದ್ದರೆ ತೆಗೆಯಿರಿ, ಸೊಂಟ ಒಂದು ಕಡೆಗೆ ವಾಲುತ್ತದೆ. ಎಡಗಾಲಿನಲ್ಲಿ ಕ್ಲಚ್ಚನ್ನು ನೆಲ ಮುಟ್ಟುವವರೆಗೆ ಒತ್ತಿ. ಅಷ್ಟು ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿಯೇ ಇರಬೇಕು. ಕಾಲು ಕೋಲಿನಂತೆ ನೆಟ್ಟಗಾದರೆ ಸೀಟು ದೂರ. ಒತ್ತಲು ಸೊಂಟ ಮುಂದಕ್ಕೆ ಜಾರಿದರೂ ದೂರವೇ. ನಾನು ಮೊದಲು ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಅಳೆಯುತ್ತಿದ್ದೆ. ಅದು ತಪ್ಪು. ಅದನ್ನು ಅಷ್ಟು ಆಳಕ್ಕೆ ಒತ್ತುವ ಪ್ರಸಂಗವೇ ಕಡಿಮೆ ಅಲ್ವಾ? ಅಳತೆ ಪೂರ್ತಿ ಒತ್ತುವ ಪೆಡಲ್‌ನದ್ದೇ ಆಗಬೇಕು.

ಕ್ಲಚ್ ಇಲ್ಲದ ಗಾಡಿಯಾದರೆ ಬ್ರೇಕ್‌ನಿಂದ ಅಳೆಯಬೇಕು. ಇಲ್ಲಿ ನಾನು ಒಮ್ಮೆ ಮೋಸ ಹೋದೆ. ಎಂಜಿನ್ ಆಫ್ ಇರುವಾಗ ಬ್ರೇಕನ್ನು ಎರಡು ಮೂರು ಸಲ ಒತ್ತಿದರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕಾಲಿಗೆ ನೆರವಾಗುವ ಬೂಸ್ಟರ್‌ನಲ್ಲಿ ಉಳಿದಿದ್ದ ನಿರ್ವಾತ ಅಷ್ಟರಲ್ಲಿ ಖಾಲಿ ಆಗಿರುತ್ತದೆ. ಪೆಡಲ್ ಮೇಲೇ ನಿಲ್ಲುತ್ತದೆ, ನಮಗೆ ಸೀಟು ಹತ್ತಿರ ಇದೆ ಅನಿಸುತ್ತದೆ. ಹಾಗಾಗಿ ಗೇರನ್ನು ಪಾರ್ಕ್‌ನಲ್ಲಿಟ್ಟು, ಎಂಜಿನ್ ಸ್ಟಾರ್ಟ್ ಮಾಡಿ, ಆಮೇಲೆ ಜೋರಾಗಿ ಒತ್ತಿ ನೋಡಬೇಕು.

ಮಂಡಿ ಮಡಚಿರಬೇಕು ಅನ್ನುವುದು ಬರೀ ಆರಾಮಕ್ಕಲ್ಲ. ಪೂರ್ತಿ ಚಾಚಿದ ಕಾಲಿನಲ್ಲಿ ಇನ್ನೂ ಜೋರಾಗಿ ಒತ್ತಲು ಏನೂ ಉಳಿದಿರುವುದಿಲ್ಲ. ಡಿಕ್ಕಿಯಾದರೆ ಆ ಹೊಡೆತ ನೆಟ್ಟಗಿರುವ ಕಾಲಿನಲ್ಲಿ ಸೀದಾ ತೊಡೆ ಮೂಳೆಗೂ ಸೊಂಟಕ್ಕೂ ಹೋಗುತ್ತದೆ. ಮಂಡಿಯ ಹಿಂಬದಿಗೂ ಸೀಟಿನ ಅಂಚಿಗೂ ಎರಡು ಮೂರು ಬೆರಳು ಜಾಗ ಇರಲಿ. ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೇ ಕಾಲು ಜೋಮು ಹಿಡಿಯುತ್ತದೆ.

ಕಂಬಿ ಬಿಟ್ಟ ಮೇಲೆ ಮೈಯನ್ನು ಒಮ್ಮೆ ಹಿಂದೆ ಮುಂದೆ ದೂಡಿ ನೋಡಿ. ಟಕ್ ಅಂತ ಕೂತಿರಬೇಕು.

ಮಣಿಕಟ್ಟಿನ ಪರೀಕ್ಷೆ: ನಾನು ಮೂರು ಸಲ ತಪ್ಪು ಮಾಡಿದ ಜಾಗ

ಕೈಯನ್ನು ಮುಂದಕ್ಕೆ ಚಾಚಿದರೆ ಮಣಿಕಟ್ಟು ಸ್ಟೇರಿಂಗ್‌ನ ಮೇಲ್ತುದಿಯ ಮೇಲೆ ಕೂರಬೇಕು. ಎಲ್ಲರೂ ಹೇಳುವ ನಿಯಮ ಇದು. ನಾನು ಮಾಡಿದೆ, ಕೂತಿತು, ಸರಿಯಾಗಿದೆ ಅಂದುಕೊಂಡೆ. ಭುಜ ನೋವು ಮಾತ್ರ ಹೋಗಲಿಲ್ಲ.

ಮೊದಲ ತಪ್ಪು: ಕೈ ಚಾಚುವಾಗ ಭುಜವೂ ಅದರ ಜೊತೆ ಮುಂದೆ ಬರುತ್ತಿತ್ತು. ನನಗೇ ಗೊತ್ತಾಗುತ್ತಿರಲಿಲ್ಲ. ಭುಜ ನಾಲ್ಕು ಬೆರಳು ಮುಂದೆ ಬಂದರೆ ಅಳತೆಯೂ ನಾಲ್ಕು ಬೆರಳು ಸುಳ್ಳು. ಗೊತ್ತುಮಾಡಿಕೊಳ್ಳಲು ಒಂದು ಉಪಾಯ ಕಂಡುಕೊಂಡೆ. ಇನ್ನೊಂದು ಕೈಯಿಂದ ಒಂದು ಕಾಗದದ ತುಂಡನ್ನು ಭುಜಕ್ಕೂ ಸೀಟಿಗೂ ನಡುವೆ ಸಿಕ್ಕಿಸಿ, ಆಮೇಲೆ ಕೈ ಚಾಚಿ. ಕಾಗದ ಜಾರಿ ಬಿತ್ತೋ, ಭುಜ ಎದ್ದಿದೆ ಅಂತ ಅರ್ಥ. ನನ್ನದು ಮೊದಲ ಸಲ ಸೀದಾ ಹ್ಯಾಂಡ್‌ಬ್ರೇಕ್ ಪಕ್ಕ ಬಿತ್ತು.

ಎರಡನೆಯದು: ಬೆರಳಿನ ಬುಡ ತಾಗಿದರೂ ಮಣಿಕಟ್ಟು ಅಂತ ಲೆಕ್ಕ ಹಾಕುತ್ತಿದ್ದೆ. ಕೈಗಡಿಯಾರ ಕಟ್ಟುವ ಜಾಗ ಸ್ಟೇರಿಂಗ್ ಮೇಲೆ ಬರಬೇಕು. ಅಂಗೈ ಅದರಾಚೆ ಸುಮ್ನೆ ಜೋತುಬಿದ್ದಿರಬೇಕು.

ಮೂರನೆಯದು ಎಲ್ಲಕ್ಕಿಂತ ತಮಾಷೆ. ಮಣಿಕಟ್ಟು ತಲುಪದಿದ್ದಾಗ ಅಭ್ಯಾಸಬಲದಿಂದ ಸೀಟಿನ ಕಂಬಿಗೆ ಕೈ ಹಾಕಿದೆ. ಮತ್ತೆ ಹಳೇ ಸುತ್ತು! ಇಲ್ಲಿ ಮಾಡಬೇಕಾದ್ದು ಬ್ಯಾಕ್‌ರೆಸ್ಟ್ ನೆಟ್ಟಗೆ ಮಾಡುವುದು. ನನ್ನದು ಆರಾಮಕುರ್ಚಿಯ ಹಾಗೆ ಮಲಗಿತ್ತು. ಸೀಟಿನ ತಳಕ್ಕೂ ಬೆನ್ನಿಗೂ ನಡುವಿನ ಕೋನ ಹೆಚ್ಚುಕಡಿಮೆ 100ರಿಂದ 110 ಡಿಗ್ರಿ ಇದ್ದರೆ ಚೆನ್ನ. ಅಂದರೆ ಊಟದ ಕುರ್ಚಿಗಿಂತ ಸ್ವಲ್ಪವೇ ಹಿಂದೆ. ಎರಡು ಹಲ್ಲು, ಅಂದರೆ ಎರಡು ಸಲ ಟಕ್ ಅನ್ನುವಷ್ಟು, ಮುಂದೆ ತಂದೆ, ಕೈ ತಲುಪಿಬಿಟ್ಟಿತು. ಮೊದಲೆರಡು ದಿನ ಪರೀಕ್ಷೆಗೆ ಕೂತ ಹಾಗೆ ತೀರಾ ನೆಟ್ಟಗೆ ಅನಿಸುತ್ತಿತ್ತು. ಮೂರನೇ ದಿನಕ್ಕೆ ಒಗ್ಗಿತು.

ಪರೀಕ್ಷೆ ಪಾಸಾದರೆ, ಸ್ಟೇರಿಂಗ್ ಅನ್ನು ಗಡಿಯಾರದ 9 ಮತ್ತು 3 ಇರುವ ಜಾಗದಲ್ಲಿ ಹಿಡಿದಾಗ ಮೊಣಕೈ ತಾನೇ ಮಡಚಿಕೊಳ್ಳುತ್ತದೆ. ತಿರುವಿನಲ್ಲಿ ಭುಜ ಸೀಟು ಬಿಟ್ಟು ಏಳುವುದಿಲ್ಲ. ನನ್ನ ನೋವಿಗೆ ಮದ್ದು ಇಷ್ಟೇ ಆಗಿತ್ತು.

ಇಷ್ಟಾದರೂ ತಲುಪದಿದ್ದರೆ ಸ್ಟೇರಿಂಗನ್ನು ನಿಮ್ಮ ಕಡೆ ಎಳೆದುಕೊಳ್ಳಿ. ಕೆಲವು ಕಾರುಗಳಲ್ಲಿ ಅದು ಮೇಲೆ ಕೆಳಗೆ ಮಾತ್ರ ಹೋಗುತ್ತದೆ, ಹತ್ತಿರ ಬರುವುದಿಲ್ಲ. ಆಗ ಬ್ಯಾಕ್‌ರೆಸ್ಟ್ ಒಂದೇ ಗತಿ.

ತೀರಾ ಹತ್ತಿರವೂ ಬೇಡ

ಕುಳ್ಳಗಿರುವವರಿಗೆ ಇದು ಮುಖ್ಯ, ನಾನೂ ಅವರಲ್ಲೊಬ್ಬಳು. ಎದೆಯ ನಡುಮೂಳೆಗೂ ಸ್ಟೇರಿಂಗ್‌ನ ನಡುವಿಗೂ ಕನಿಷ್ಠ 25 ಸೆಂಟಿಮೀಟರ್ ಅಂತರ ಬೇಕು. ನನ್ನ ಗೇಣು 20 ಸೆಂಟಿಮೀಟರ್, ಹಾಗಾಗಿ ಗೇಣಿನ ಮೇಲೆ ಮೂರು ಬೆರಳು ಅಂತ ನೆನಪಿಟ್ಟುಕೊಂಡಿದ್ದೇನೆ. ನಿಮ್ಮ ಗೇಣನ್ನು ಒಮ್ಮೆ ಅಳೆದುಕೊಳ್ಳಿ. ಏರ್‌ಬ್ಯಾಗ್ ಸೆಕೆಂಡಿನ 20ರಲ್ಲಿ ಒಂದು ಭಾಗದೊಳಗೆ ಉಬ್ಬುತ್ತದೆ. ಉಬ್ಬಿದ ಚೀಲಕ್ಕೆ ನಾವು ಒರಗಬೇಕು, ಉಬ್ಬುತ್ತಿರುವ ಚೀಲ ನಮಗೆ ಗುದ್ದಬಾರದು. ಅದು ಎದೆಯ ಕಡೆಗೆ ಬರುವಂತೆ ಸ್ಟೇರಿಂಗ್ ತಗ್ಗಿಸಿಡಬೇಕು, ಮುಖದ ಕಡೆಗಲ್ಲ. ಒಂದೇ ಕೈಯನ್ನು ಸ್ಟೇರಿಂಗ್ ಮೇಲೆ 12ರ ಜಾಗದಲ್ಲಿ ಇಟ್ಟುಕೊಂಡು ಓಡಿಸುವವರ ಕೈ ಅಂಥ ಹೊತ್ತಿನಲ್ಲಿ ಅವರ ಮುಖಕ್ಕೇ ಬಡಿಯಬಹುದು.

ಉಳಿದದ್ದು, ಬೇಗ ಬೇಗ

ಹೆಡ್‌ರೆಸ್ಟ್ ತಲೆ ಇಟ್ಟು ಮಲಗಲು ಅಲ್ಲ. ಹಿಂದಿನಿಂದ ಗುದ್ದಿದಾಗ ಕುತ್ತಿಗೆ ಹಿಂದಕ್ಕೆ ಜರ್ರನೆ ಬಾಗದಂತೆ ತಡೆಯುವುದು ಅದರ ಕೆಲಸ. ಅದರ ತುದಿ ನೆತ್ತಿಯ ಮಟ್ಟಕ್ಕೆ ಬರಲಿ, ತಲೆಗೆ ಆದಷ್ಟು ಹತ್ತಿರ ಇರಲಿ. ಕುತ್ತಿಗೆ ಮಟ್ಟದಲ್ಲಿ ಬಿಟ್ಟರೆ ತಲೆ ಅದರ ಮೇಲಿಂದಲೇ ಹಿಂದಕ್ಕೆ ವಾಲುತ್ತದೆ.

ಬೆಲ್ಟ್‌ನ ಕೆಳಪಟ್ಟಿ ಸೊಂಟದ ಮೂಳೆ ಮೇಲೆ, ತೊಡೆಯ ಬುಡಕ್ಕೆ ಹತ್ತಿರ ಕೂರಬೇಕು. ಹೊಟ್ಟೆ ಮೇಲೆ ಅಲ್ಲ. ಮೇಲಿನ ಪಟ್ಟಿ ಭುಜದ ನಡುವೆ ಹಾಯ್ದು ಎದೆಗೆ ಅಡ್ಡ ಬರಬೇಕು. ಈ ಮೂರು ಬಿಂದುಗಳ ಬೆಲ್ಟನ್ನು ರೂಪಿಸಿದವರು ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್, 1959ರಲ್ಲಿ ಕಾರಿಗೆ ಬಂತು. ಹೊಡೆತವನ್ನು ಎದೆಗೂಡು ಮತ್ತು ಸೊಂಟದ ಗಟ್ಟಿ ಮೂಳೆಗಳ ಮೇಲೆ ಹಂಚುವುದು ಅದರ ಹಿಂದಿನ ಲೆಕ್ಕ. ಮಲಗಿದ ಹಾಗೆ ಕೂತರೆ ಈ ಲೆಕ್ಕವೇ ತಪ್ಪುತ್ತದೆ. ಮೈ ಬೆಲ್ಟ್ ಕೆಳಗೆ ಜಾರಿ, ಪಟ್ಟಿ ಹೊಟ್ಟೆಯ ಮೆತ್ತಗಿನ ಭಾಗಕ್ಕೆ ಏರುತ್ತದೆ. ಬ್ಯಾಕ್‌ರೆಸ್ಟ್ ನೆಟ್ಟಗಿರಲಿ ಅನ್ನುವುದಕ್ಕೆ ಇದು ಇನ್ನೊಂದು ಕಾರಣ.

ಕನ್ನಡಿಗಳು ಕೊನೆಗೆ. ಸೀಟು ಒಂಚೂರು ಆಚೀಚೆ ಆದರೂ ಕಣ್ಣಿನ ಜಾಗ ಬದಲಾಗಿರುತ್ತದೆ. ನಾನು ಮೊದಲು ಕನ್ನಡಿ ತಿರುಗಿಸಿ, ಆಮೇಲೆ ಸೀಟು ಮುಟ್ಟಿ, ಮತ್ತೆ ಕನ್ನಡಿ ತಿರುಗಿಸುತ್ತಿದ್ದೆ.

ನನ್ನ ಮೆಚ್ಚಿನ ಕಿರುದಾರಿ: ಹಲ್ಲು ಎಣಿಸುವುದು

ನಮ್ಮ ಕಾರನ್ನು ಅಣ್ಣನೂ ಓಡಿಸುತ್ತಾನೆ. ಅವನು ಆರಡಿ ಎತ್ತರ. ಅವನು ಇಳಿದ ಮೇಲೆ ನಾನು ಹತ್ತಿದರೆ ಪೆಡಲ್ ಯಾವುದೋ ಬೇರೆ ಕೋಣೆಯಲ್ಲಿ ಇದ್ದ ಹಾಗೆ. ದಿನಾ ಎಲ್ಲ ಪರೀಕ್ಷೆಯನ್ನೂ ಮೊದಲಿನಿಂದ ಮಾಡುವ ತಾಳ್ಮೆ ನನಗಿಲ್ಲ. ಸೀಟಿನ ಹಳಿಯಲ್ಲಿ ಹಲ್ಲುಗಳಿವೆ, ಜಾರಿಸುವಾಗ ಟಕ್ ಟಕ್ ಅನ್ನುವುದು ಅವೇ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಅಲ್ಲಿಂದ ಒಂದೊಂದೇ ಹಲ್ಲು ಮುಂದೆ ಬರುತ್ತ ಎಣಿಸಿದೆ. ನನ್ನದು ಒಂಬತ್ತು. ಬ್ಯಾಕ್‌ರೆಸ್ಟನ್ನೂ ಹೀಗೇ, ಪೂರ್ತಿ ನೆಟ್ಟಗೆ ಮಾಡಿ ಅಲ್ಲಿಂದ ಹಿಂದಕ್ಕೆ ನಾಲ್ಕು. ಎತ್ತರಕ್ಕೆ ಪೂರ್ತಿ ಕೆಳಗಿಳಿಸಿ, ಪಕ್ಕದ ಹಿಡಿಯನ್ನು ಆರು ಸಲ ಮೇಲಕ್ಕೆ ಎಳೆಯಬೇಕು. ಆರು, ಒಂಬತ್ತು, ನಾಲ್ಕು. ಇದು ನಮ್ಮ ಕಾರಿನ ಲೆಕ್ಕ, ಬೇರೆ ಕಾರಿಗೆ ನಡೆಯುವುದಿಲ್ಲ. ಕೆಲವು ಕಾರುಗಳಲ್ಲಿ ಬ್ಯಾಕ್‌ರೆಸ್ಟ್‌ಗೆ ಹಲ್ಲಿನ ಬದಲು ತಿರುಗಿಸುವ ಗುಂಡಿ ಇರುತ್ತದೆ, ಅಲ್ಲಿ ಸುತ್ತು ಎಣಿಸಿಕೊಳ್ಳಬಹುದು.

ದಪ್ಪ ಅಟ್ಟೆಯ ಶೂ ಹಾಕಿದ ದಿನ ಮಾತ್ರ ಒಂಬತ್ತು ಎಂಟಾಗುತ್ತದೆ. ಅದು ಗೊತ್ತಾಗಿದ್ದು ನಿನ್ನೆ.